ಟಾಟಾ 207: ಪೇಂಟ್ ಆದ ಮ್ಯಾಲ ಸೆಲ್ಫ್ ಹೊಡಿಯಂಗಿಲ್ಲ, ಬ್ರೇಕ್ ಒತ್ತಿದ್ರ ಡ್ಯಾಶ್‌ಬೋರ್ಡ್ ಹತ್ತತದ

ಫರಸಿ ರೋಡ್ | ಶಹಾಬಾದ್

ಎಲ್ಲಾರಿಗೂ ನಮಸ್ಕಾರ್ರಿ. ನಮ್ಮ ದೊಡ್ಡಪ್ಪಂದು 96ರ ಟಾಟಾ 207 ಅದ, ಕೆಎ-32 ಪಾಸಿಂಗ್, 2 ಲೀಟರ್ ಡೀಸೆಲ್, ಸಿಯೆರಾಕ್ಕ ಬರ್ತಿತ್ತಲ್ಲ ಅದೇ ಎಂಜಿನ್. ಮೊದಲ ಫರಸಿ ಕಲ್ಲು ಹೇರ್ತಿತ್ತು, ಆಮ್ಯಾಲ ಸುಗ್ಗ್ಯಾಗ ತೊಗರಿ ಹೇರ್ಕೊಂಡು ಕಲಬುರಗಿ ಗಂಜ್ ಮಾರ್ಕೆಟ್ಟಿಗಿ ಹೋಗ್ತಿತ್ತು, ಕೊನಿಗಿ ತಗಡಿನ ಶೆಡ್ಡಿನಾಗ ನಿಂತುಬಿಡ್ತು. ಈಗ ರೆಡಿ ಮಾಡ್ಲತ್ತೀನಿ. ಕ್ಯಾಬಿನ್ ಫ್ಲೋರ್ ಪೂರಾ ಜಂಗ್ ತಿಂದಿತ್ತು, ಅದನ್ನ ಕತ್ತರಿಸಿ ಹೊಸಾ ತಗಡು ವೆಲ್ಡಿಂಗ್ ಮಾಡ್ಸಿ, ಚಾಸಿ ಉಜ್ಜಿಸಿ ಪ್ರೈಮರ್ ಮ್ಯಾಲ ಕರೀ ಪೇಂಟ್ ದಪ್ಪಗ ಹೊಡಸಿ, ಎಂಜಿನ್ ಇಳಿಸಿ ಆಯಿಲ್ ಸೀಲ್ ಹಾಕಿ ವಾಪಸ್ ಕೂಡ್ಸ್ಯಾರ. ಪೇಂಟಿಗಿ ಹೋಗೋಕ್ಕಿಂತ ಮೊದಲ ಗಾಡಿ ನೋಡ್ಲಿಕ್ಕ ಹ್ಯಾಂಗಾರ ಇರ್ಲಿ, ಬ್ಯಾಟರಿ ಹಚ್ಚಿದ್ರ ಚಾಲೂ ಆಗ್ತಿತ್ತು, ಅದನ್ನ ನೆನಪಿಟ್ಕೊಂಡು ಮುಂದ ಓದ್ರಿ.

ಈಗ ಏನಾಗ್ಲತ್ತದ ಅಂದ್ರ ಚಾವಿ ತಿರಿವಿದ್ರ ಸೆಲ್ಫ್ (ಎಂಜಿನ್ ತಿರಗಿಸಿ ಚಾಲೂ ಮಾಡೋ ಮೋಟರ್) ಟಕ್ ಟಕ್ ಅಂತದ ಅಷ್ಟೇ, ಒಮ್ಮೊಮ್ಮೆ ಎಳ್ಕೊಂತ ಎಳ್ಕೊಂತ ಅರ್ಧಾ ಸುತ್ತು ತಿರಗಿ ನಿಂದರ್ತದ. ಬ್ಯಾಟರಿ ಹೊಸಾದು, ಮೀಟರ್‌ನಾಗ 12.6 ತೋರಸ್ತದ. ಬ್ರೇಕ್ ಒತ್ತಿದ್ರ ಡ್ಯಾಶ್‌ಬೋರ್ಡ್ ಲೈಟ್ ಮಿಣಿಮಿಣಿ ಹತ್ತತಾವ, ಎಡಗಡಿ ಇಂಡಿಕೇಟರ್ ಹಾಕಿದ್ರ ಹಿಂದಿನ ಪಾರ್ಕಿಂಗ್ ಲೈಟ್ ಭಿ ಅದರ ಸಂಗಟ ಬಡಕೋತದ. ಹೆಡ್‌ಲೈಟ್ ಹಾಕಿದ್ರ ಎಂಜಿನ್ ಥಣ್ಣಗಿದ್ರೂ ಟೆಂಪರೇಚರ್ ಮುಳ್ಳು ಏರ್ತದ. ಎರಡು ದಿನ ನಿಂತ್ರ ಬ್ಯಾಟರಿ ಡೌನ್. ಗ್ಯಾರೇಜಿನವ್ರು ಸೆಲ್ಫ್ ಹೋಗ್ಯದ, ಹೊಸಾದು ತರ್ರಿ, ವೈರಿಂಗ್ ಕಿಟ್ಟೂ ಪೂರಾ ಹೊಸಾದು ಹಾಕ್ಬೇಕು ಅಂತಾರ. ಅಷ್ಟು ರೊಕ್ಕ ಹಾಕೋಕ್ಕಿಂತ ಮೊದಲ ಇಲ್ಲಿ ಕೇಳಿದ್ರಾಯ್ತು ಅಂತ ಬರದೀನಿ.

ಬೀದರ್ ಬ್ರೇಕ್‌ಡೌನ್ | ಬೀದರ್

ಭಾಯಿ ಸೆಲ್ಫ್ ಬಿಚ್ಚಿ ಬುಶ್ ನೋಡ್ಸು, ಕಾರ್ಬನ್ ಸವದಿರ್ತದ. ನಮ್ಮ ಮಹೀಂದ್ರಾಕ್ಕ ಭೀ ಹಿಂಗೇ ಆಗಿತ್ತು, ಬುಶ್ ಹಾಕ್ಸಿದ್ ಮ್ಯಾಗ ಒಂದೇ ಚಾವಿಗಿ ಎದ್ದು ಕುಂತ್ತು. ಬಾಕಿ ಲೈಟಿನ ಖಟಿಪಿಟಿ ಆಮ್ಯಾಗ ನೋಡಿದ್ರಾತು.

ತೊಗರಿ ಕಣಜ | ಸೇಡಂ

ಬ್ಯಾಟರಿ ಹೊಸಾದು ಅಂದ್ರ ಛಲೋದು ಅಂತ ಅರ್ಥಲ್ರಿ. ಅಂಗಡ್ಯಾಗ ವರ್ಷಗಟ್ಲೆ ಕುಂತಿದ್ದು ಕೊಟ್ಟಿರ್ತಾರ. 12.6 ಅಂದ್ರ ಫುಲ್ ಚಾರ್ಜ್ ಅಂತ ಖರೇ, ಆದ್ರ ಲೋಡ್ ಬಿದ್ದಾಗ ಎಷ್ಟಕ್ಕ ಇಳೀತದ ಅದು ಮುಖ್ಯ. ಯಾರ ಕಡಿಂದಾರ ಸೆಲ್ಫ್ ಹೊಡಸಿ ಆವಾಗ ಮೀಟರ್ ನೋಡ್ರಿ, 9.6ರ ಕೆಳಗ ಹೋದ್ರ ಬ್ಯಾಟರೀನೇ ವಾಪಸ್ ಕೊಡ್ರಿ.

ಕಪನೂರ ಕಾಕಾ | ಕಲಬುರಗಿ

ತಮ್ಮಾ, ಏನೂ ಖರೀದಿ ಮಾಡಬ್ಯಾಡ. ಪೇಂಟಿಗಿ ಹೋಗೋ ತನಕ ಚಾಲೂ ಆಗ್ತಿತ್ತು ಅಂತ ನೀನೇ ಬರದೀಯಲ್ಲ, ಅದ್ರಾಗೇ ಉತ್ತರ ಅದ. ಒಂದೇ ಸಲ ಸೆಲ್ಫ್, ಬ್ರೇಕ್ ಲೈಟ್, ಟೆಂಪರೇಚರ್ ಮೀಟರ್ ಮೂರೂ ಕೆಡಂಗಿಲ್ಲ. ಮೂರಕ್ಕೂ ಕೂಡಿದ್ದು ಒಂದೇ ಅದ, ಅರ್ಥಿಂಗ್, ಅಂದ್ರ ಕರೆಂಟ್ ಚಾಸಿ ಕಬ್ಬಿಣ ಹಿಡ್ಕೊಂಡು ಬ್ಯಾಟರಿ ಮೈನಸ್ಸಿಗಿ ವಾಪಸ್ ಹೋಗೋ ದಾರಿ. ಚಾಸಿಗಿ ಪೇಂಟ್ ಹೊಡ್ಯಾಗ ಅರ್ಥಿನ ಬೋಲ್ಟ್ ಕೂಡೋ ಜಾಗಕ್ಕೂ ಹೊಡದಿರ್ತಾರ, ಆಮ್ಯಾಲ ಅದ್ರ ಮ್ಯಾಲೇ ಥಿಂಬಲ್ (ಕೇಬಲ್ ತುದಿಯ ಲೋಹದ ಉಂಗುರ) ಇಟ್ಟು ಬೋಲ್ಟ್ ಬಿಗದಿರ್ತಾರ. ನೋಡ್ಲಿಕ್ಕ ಫಿಟ್, ಕರೆಂಟಿಗಿ ದಾರೀನೇ ಇಲ್ಲ.

ನಾ ಕೇಳೋದಕ್ಕ ಜವಾಬು ಕೊಡು. ಬ್ಯಾಟರಿ ಮೈನಸ್ ಕೇಬಲ್ ಎಲ್ಲಿ ಹೋಗ್ಯದ, ಚಾಸಿಗೋ ಎಂಜಿನ್ನಿಗೋ? ಗೇರ್‌ಬಾಕ್ಸಿಂದ ಚಾಸಿಗಿ ತಾಮ್ರದ ಹೆಣೆದ ಪಟ್ಟಿ ಅದನೋ ಇಲ್ಲೋ? ಮತ್ತ ಸೆಲ್ಫ್ ಹೊಡ್ಯಾಗ ಎಕ್ಸಿಲರೇಟರ್ ಕೇಬಲ್ ಮುಟ್ಟಿ ನೋಡು, ಬಿಸಿ ಆಗ್ತದನೂ?

ಫರಸಿ ರೋಡ್ | ಶಹಾಬಾದ್

ಕಾಕಾ, ಕೇಬಲ್ ವಿಷಯ ನಿಮಗ ಹ್ಯಾಂಗ ಗೊತ್ತಾತ್ರಿ? ಬಿಸಿ ಅಲ್ಲ, ಸುಟ್ಟೇ ಹೋಗ್ಯದ. ಫೈರ್‌ವಾಲಿನ (ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ತಗಡು) ತೂತಿನ ಹತ್ರ ಮ್ಯಾಲಿನ ಕರೀ ಪ್ಲಾಸ್ಟಿಕ್ ಕರಗಿ ಒಳಗಿನ ಸ್ಪ್ರಿಂಗ್ ಸುತ್ತು ಕಾಣ್ಲತ್ತದ, ರಬ್ಬರ್ ಗ್ರೊಮೆಟ್ಟಿಗಿ ಅಂಟ್ಕೊಂಡದ. ಅದು ಸೈಲೆನ್ಸರ್ ಶಾಖಕ್ಕ ಆಗ್ಯದ ಅಂತ ಗ್ಯಾರೇಜಿನ ಹುಡುಗ ಹೇಳ್ದ, ಆದ್ರ ಎಂಜಿನ್ ಚಾಲೂನೇ ಆಗಿಲ್ಲ, ಸೈಲೆನ್ಸರ್ ಶಾಖ ಎಲ್ಲಿಂದ ಬರ್ಬೇಕು!

ಬ್ಯಾಟರಿ ಮೈನಸ್ ಚಾಸಿಗಿ ಹೋಗ್ಯದ. ಗೇರ್‌ಬಾಕ್ಸ್ ಹತ್ರ ಹೆಣೆದ ಪಟ್ಟಿ ಕಾಣಂಗಿಲ್ಲ. ಬೋಲ್ಟಿನ ತೂತ ಅದ, ಅದ್ರಾಗ ಪೇಂಟ್ ತುಂಬ್ಯದ.

ಕಪನೂರ ಕಾಕಾ | ಕಲಬುರಗಿ

ಅದೇ ನೋಡಪ. ಎಂಜಿನ್ ಕುಂತಿರೋದು ರಬ್ಬರ್ ಮೌಂಟಿಂಗ್ ಮ್ಯಾಲ. ಚಾಸಿಗೂ ಎಂಜಿನ್ನಿಗೂ ಕಬ್ಬಿಣಕ್ಕ ಕಬ್ಬಿಣ ತಾಗಂಗಿಲ್ಲ. ಸೆಲ್ಫ್ ಎಳಿಯೋ ನೂರಾರು ಆಂಪಿಯರ್ ಪೂರಾ ಎಂಜಿನ್ ಬ್ಲಾಕಿಂದ ಆ ಪಟ್ಟಿ ಹಿಡ್ಕೊಂಡೇ ಬ್ಯಾಟರಿ ಮೈನಸ್ಸಿಗಿ ವಾಪಸ್ ಹೋಗ್ಬೇಕು. ಪಟ್ಟಿ ಇಲ್ಲಂದ್ರ ಕರೆಂಟ್ ಎಲ್ಲಿ ಲೋಹ ಸಿಗ್ತದ ಅಲ್ಲಿ ನುಗ್ತದ, ಎಕ್ಸಿಲರೇಟರ್ ಕೇಬಲ್, ಸ್ಪೀಡೋಮೀಟರ್ ಕೇಬಲ್, ಕ್ಲಚ್ ಕೇಬಲ್ ಇದ್ರ ಅದೂ. ಬೆರಳು ದಪ್ಪನ ಕೇಬಲ್ ಮಾಡೋ ಕೆಲಸ ಸೈಕಲ್ ಬ್ರೇಕಿನಂಥಾ ತಂತಿ ಮಾಡ್ಬೇಕಂದ್ರ ಸುಡಲ್ದೆ ಏನಾಗ್ತದ? ಮತ್ತ ಸೆಲ್ಫ್ ಹೊಡೀಬ್ಯಾಡ, ಮೊದಲ ಇದನ್ನ ಸರಿ ಮಾಡು, ಹಂಗೇ ಬಡಕೋತ ಕುಂತ್ರ ಕ್ಯಾಬಿನ್ನಿಗಿ ಬೆಂಕಿ ಹತ್ತತದ.

ಮೈಸೂರು ಮೀಟರ್ | ಮೈಸೂರು

ಕಾಕಾ ಹೇಳಿದ್ದು ನೂರಕ್ಕೆ ನೂರು ಸರಿ. ಕನ್ಫರ್ಮ್ ಮಾಡ್ಕೊಳೋಕೆ ಒಂದು ಟೆಸ್ಟ್ ಹೇಳ್ತೀನಿ ಗುರು, ವೋಲ್ಟೇಜ್ ಡ್ರಾಪ್ ಟೆಸ್ಟ್. ಎಲ್ರೂ ಮಾಡೋದೇನಂದ್ರೆ ಮೀಟರ್‌ನ ಒಂದು ಕಡ್ಡಿ ಪ್ಲಸ್‌ಗೆ ಇನ್ನೊಂದು ಮೈನಸ್‌ಗೆ ಇಟ್ಟು 12 ಬಂತು ಅಂತ ಖುಷಿ ಪಡ್ತಾರೆ. ಹಾಗಲ್ಲ, ಒಂದು ಕಡ್ಡಿ ಬ್ಯಾಟರಿ ಮೈನಸ್ ಪೋಸ್ಟ್ ಮೇಲೆ, ಅಂದ್ರೆ ಕ್ಲ್ಯಾಂಪ್ ಮೇಲಲ್ಲ ಸೀಸದ ಪೋಸ್ಟ್ ಮೇಲೇನೇ, ಇನ್ನೊಂದು ಕಡ್ಡಿ ಎಂಜಿನ್ ಬ್ಲಾಕ್‌ನ ಪೇಂಟ್ ಇಲ್ಲದ ಜಾಗಕ್ಕೆ ಇಟ್ಟು ಯಾರಾದ್ರೂ ಎರಡು ಸೆಕೆಂಡ್ ಸೆಲ್ಫ್ ಹೊಡೀಲಿ. ಅರ್ಥಿಂಗ್ ಚೆನ್ನಾಗಿದ್ರೆ 0.2 ಒಳಗೆ ಬರುತ್ತೆ, ಅರ್ಧ ವೋಲ್ಟ್ ದಾಟಿದ್ರೆ ದಾರೀಲಿ ಎಲ್ಲೋ ಅಡ್ಡಿ ಇದೆ. ಅದೇ ತರ ಬ್ಯಾಟರಿ ಪ್ಲಸ್ ಪೋಸ್ಟ್‌ನಿಂದ ಸೆಲ್ಫ್‌ನ ದಪ್ಪ ಬೋಲ್ಟ್‌ಗೂ ನೋಡಿ. ಕರೆಂಟ್ ಹರಿಯೋವಾಗ್ಲೇ ನೋಡ್ಬೇಕು, ಸುಮ್ನೆ ನಿಂತಾಗ ನೋಡಿದ್ರೆ ಸೊನ್ನೇನೇ ಬರೋದು, ಏನೂ ಗೊತ್ತಾಗಲ್ಲ.

ಕಪನೂರ ಕಾಕಾ | ಕಲಬುರಗಿ

ಮೈಸೂರಿನವ್ರು ಹೇಳಿದ್ದು ಬರೋಬರಿ ಅದ, ಒಂದೇ ಸಲ ಮಾಡು, ಎರಡು ಸೆಕೆಂಡಿನ ಮ್ಯಾಲ ಬ್ಯಾಡ. ಮೀಟರ್ ಓದ್ಲಿಕ್ಕ ಬರಲ್ದವ್ರು ಜಂಪ್ ಕೇಬಲ್ ತಗೊಂಡು ಬ್ಯಾಟರಿ ಮೈನಸ್ಸಿಂದ ಸೀದಾ ಎಂಜಿನ್ ಬ್ಲಾಕಿಗಿ ಹಚ್ಚಿ ಸೆಲ್ಫ್ ಹೊಡದ್ರೂ ಗೊತ್ತಾಗ್ತದ. ನಲವತ್ತು ವರ್ಷ ನಾ ಅದ್ರಾಗೇ ನಡಸೀನಿ.

ಫರಸಿ ರೋಡ್ | ಶಹಾಬಾದ್

ಎರಡೂ ಮಾಡ್ದೆ ನೋಡ್ರಿ. ಸೆಲ್ಫ್ ಹೊಡ್ಯಾಗ ಬ್ಯಾಟರಿ ಮ್ಯಾಲ 12.3 ನಿಂತಿತ್ತು. ಮೈನಸ್ ಪೋಸ್ಟಿಂದ ಎಂಜಿನ್ ಬ್ಲಾಕಿಗಿ 8.4 ಬಂತು! ಪ್ಲಸ್ ಕಡಿ 0.1. ಆಮ್ಯಾಲ ನಮ್ಮ ಕಾಕಾನ ಟ್ರ್ಯಾಕ್ಟರಿನ ಜಂಪ್ ಕೇಬಲ್ ತಂದು ಮೈನಸ್ಸಿಂದ ಬ್ಲಾಕಿಗಿ ಹಚ್ಚಿ ಚಾವಿ ತಿರಿವಿದ್ರ ಸೆಲ್ಫ್ ಎಂಥಾ ಜೋರ್ ತಿರಗ್ತಂದ್ರ ಒಳಗ ಕುಂತಿದ್ದ ತಮ್ಮ ಹೆದರಿ ಚಾವಿ ಬಿಟ್ಟುಬಿಟ್ಟ. ಎಂಜಿನ್ ಇನ್ನಾ ಚಾಲೂ ಆಗಿಲ್ಲ, ಡೀಸೆಲ್ ಬಂದಿಲ್ಲ ಅನ್ನಸ್ತದ, ಖರೇ ಸೆಲ್ಫ್ ಅಂತೂ ಗಟ್ಟಿ ಅದ. ಹೊಸಾ ಸೆಲ್ಫಿನ ರೊಕ್ಕ ಉಳೀತು.

ಬೀದರ್ ಬ್ರೇಕ್‌ಡೌನ್ | ಬೀದರ್

ಮಾನ್‌ಗಯೇ ಕಾಕಾ. ನನ್ನ ಬುಶ್ಶಿನ ಮಾತು ವಾಪಸ್.

ಮೈಸೂರು ಮೀಟರ್ | ಮೈಸೂರು

8.4 ಅಲ್ಲೇ ಹೋದ್ರೆ ಸೆಲ್ಫ್‌ಗೆ ಉಳಿದಿದ್ದು ಸುಮಾರು 3.8 ವೋಲ್ಟ್. ಅದಕ್ಕೇ ಸೊಲೆನಾಯ್ಡ್ (ಸೆಲ್ಫ್ ಮೇಲಿನ ಅಯಸ್ಕಾಂತದ ಸ್ವಿಚ್) ಎಳೆಯೋದು ಬಿಡೋದು ಮಾಡ್ತಾ ಟಕ್ ಟಕ್ ಅಂತಿದ್ದಿದ್ದು. ಬ್ಯಾಟರಿ 12.3ರಲ್ಲಿ ಆರಾಮಾಗಿ ಕೂತಿದ್ದಿದ್ದೂ ಅದಕ್ಕೇ, ಅದ್ರಿಂದ ಯಾರೂ ಕೆಲ್ಸಾನೇ ತಗೊಂಡಿಲ್ಲ. ಸೇಡಂನವರು ಹೇಳಿದ 9.6 ಲೆಕ್ಕ ಒಂದನ್ನೇ ನಂಬಿದ್ರೆ ಇಲ್ಲಿ ಎಲ್ಲಾ ಸರಿ ಇದೆ ಅಂತ ಬರ್ತಿತ್ತು.

ಕಪನೂರ ಕಾಕಾ | ಕಲಬುರಗಿ

ಈಗ ಕೆಲಸ ಹಿಂಗ ಮಾಡು. ಮೊದಲ ಬ್ಯಾಟರಿ ಮೈನಸ್ ಬಿಚ್ಚು. ಯಾವಾಗ್ಲೂ ಬಿಚ್ಚ್ಯಾಗ ಮೈನಸ್ ಮೊದಲ, ಹಚ್ಚ್ಯಾಗ ಮೈನಸ್ ಕೊನಿಗಿ. ಪ್ಲಸ್ ಬಿಚ್ಚ್ಯಾಗ ಪಾನಾ ಬಾಡಿಗಿ ತಾಗಿದ್ರ, ಮೈನಸ್ ಹಚ್ಚಿದ್ದಿತ್ತಂದ್ರ, ಪಾನಾ ಅಲ್ಲೇ ವೆಲ್ಡ್ ಆಗ್ತದ. ಬಂಗಾರದ ಉಂಗುರ ಹಾಕ್ಕೊಂಡು ಈ ಕೆಲಸ ಮಾಡೋ ಹುಡುಗ್ರನ್ನ ಕಂಡ್ರ ನನಗ ಸಿಟ್ಟು ಬರ್ತದ, ಬೆರಳು ಹೋಗ್ತದ.

ಆಮ್ಯಾಲ ಚಾಸಿ ಮ್ಯಾಲ ಮೈನಸ್ ಕೇಬಲ್ ಕೂಡೋ ಜಾಗ, ಗೇರ್‌ಬಾಕ್ಸ್ ಪಟ್ಟಿ ಜಾಗ, ಕ್ಯಾಬಿನ್ ಅರ್ಥ, ಹಿಂದಿನ ಬಾಡಿ ಅರ್ಥ, ನಾಕೂ ಕಡಿ ಪಾಲಿಶ್ ಪೇಪರಿಂದ ಉಜ್ಜಿ ಬೆಳ್ಳಗ ಹೊಳಿಯೋ ಕಬ್ಬಿಣ ಕಾಣ್ಬೇಕು, ಥಿಂಬಲ್ ಅಗಲದಷ್ಟು ಸಾಕು. ಬೋಲ್ಟ್ ತೂತಿನ ಒಳಗಿನ ಚೂಡಿ ಭಿ ಸಾಫ್ ಮಾಡು. ಹಲ್ಲಿನ ವಾಷರ್ ಹಾಕು, ಬಿಗಿ, ಬಿಗದ ಮ್ಯಾಲ ಗ್ರೀಸೋ ಪೆಟ್ರೋಲಿಯಂ ಜೆಲ್ಲಿನೋ ಬಳಿ, ಅದ್ರ ಮ್ಯಾಲ ಬೇಕಾದ್ರ ಪೇಂಟ್ ಹೊಡ್ಕೋ. ಮೊದಲ ಪೇಂಟ್ ಆಮ್ಯಾಲ ಬೋಲ್ಟ್ ಅಲ್ಲ. ಎಂಜಿನ್ ಪಟ್ಟಿಗಿ 35 ಎಂಎಂ ಚೌಕಿನ ಬ್ಯಾಟರಿ ಕೇಬಲ್ ಆದ್ರೂ ನಡೀತದ, ಎರಡೂ ಕಡಿ ಥಿಂಬಲ್ ಒತ್ತಸ್ಕೊಂಡು ಬಾ, ಸುತ್ತಿಗೀಲಿ ಬಡ್ಯಾಕ ಹೋಗಬ್ಯಾಡ. ಜರಾ ಸಡಿಲ ಬಿಡು ಉದ್ದ, ಎಂಜಿನ್ ಅಳ್ಳಾಡ್ತಿರ್ತದ.

ತೊಗರಿ ಕಣಜ | ಸೇಡಂ

ನಾ ಒಂದು ಸೇರಸ್ತೀನ್ರಿ. ಮನಿ ವೈರಿಂಗಿನ ವೈರ್ ಹಾಕ್ಬ್ಯಾಡ್ರಿ ಗಾಡಿಗಿ. ಅದ್ರ ಎಳಿ ದಪ್ಪ ಇರ್ತಾವ, ಗಾಡಿ ನಡುಗಿ ನಡುಗಿ ಥಿಂಬಲ್ ಹತ್ರ ಮುರದು ಒಂದು ಎಳಿ ಮ್ಯಾಲ ನಿಂದರ್ತದ. ಆಟೋ ವೈರ್ ಸಣ್ಣ ಎಳಿದು ತಗೋರಿ.

ಸುರಪುರ ಡೀಸೆಲ್ | ಯಾದಗಿರಿ

ಬ್ರೇಕ್ ಒತ್ತಿದ್ರ ಡ್ಯಾಶ್‌ಬೋರ್ಡ್ ಹತ್ತೋದು ಯಾಕಂತ ಯಾರಾರ ಬಿಡಿಸಿ ಹೇಳ್ರಪ, ನಮ್ಮ ಊರಾಗ ಅರ್ಧಾ ಗಾಡಿಗಿ ಈ ರೋಗ ಅದ, ಎಲ್ಲಾರೂ ಬಲ್ಬ್ ಬದಲ್ಸಿ ಬದಲ್ಸಿ ಸುಸ್ತಾಗ್ಯಾರ.

ಮೈಸೂರು ಮೀಟರ್ | ಮೈಸೂರು

ಹಿಂದಿನ ಬಲ್ಬ್‌ನಲ್ಲಿ ಎರಡು ಫಿಲಮೆಂಟ್ ಇರುತ್ತೆ, ಬ್ರೇಕ್‌ಗೆ 21 ವ್ಯಾಟ್, ಪಾರ್ಕಿಂಗ್‌ಗೆ 5 ವ್ಯಾಟ್. ಎರಡಕ್ಕೂ ಅರ್ಥ್ ಒಂದೇ, ಬಲ್ಬ್‌ನ ಹಿತ್ತಾಳೆ ಮೈ. ಆ ಅರ್ಥ್ ಹೋದ್ರೆ ಬ್ರೇಕ್ ಒತ್ತಿದಾಗ ಬಂದ ಕರೆಂಟ್ 21ರ ಫಿಲಮೆಂಟ್ ದಾಟಿ ಮೈಗೆ ಬರುತ್ತೆ, ಅಲ್ಲಿಂದ ಹೊರಗೆ ದಾರಿ ಇಲ್ಲ, ಅದಕ್ಕೆ 5ರ ಫಿಲಮೆಂಟ್‌ಗೆ ಹಿಂದಿನಿಂದ ನುಗ್ಗಿ ಪಾರ್ಕಿಂಗ್ ಲೈನ್ ಹಿಡ್ಕೊಂಡು ಮುಂದಕ್ಕೆ ಬರುತ್ತೆ. ಪಾರ್ಕಿಂಗ್ ಲೈನ್‌ನಲ್ಲೇ ಡ್ಯಾಶ್‌ಬೋರ್ಡ್ ಲೈಟ್ಸೂ ಇರೋದ್ರಿಂದ ಅವುಗಳ ಮೂಲಕ ಅರ್ಥ್ ಹುಡುಕ್ಕೊಳ್ಳುತ್ತೆ. ಇಂಡಿಕೇಟರ್ ಬಡ್ಕೊಳ್ಳೋದೂ ಅದೇ ಕತೆ, ಅದೇ ಲ್ಯಾಂಪ್ ಹೌಸಿಂಗ್‌ನ ಅರ್ಥ್ ಅದು. ಚೆಕ್ ಮಾಡೋಕೆ ಒಂದು ಉದ್ದ ವೈರ್ ಬ್ಯಾಟರಿ ಮೈನಸ್‌ನಿಂದ ತಗೊಂಡು ಹೋಗಿ ಲ್ಯಾಂಪ್ ಹೌಸಿಂಗ್‌ಗೆ ಮುಟ್ಟಿಸಿ, ರೋಗ ನಿಂತ್ರೆ ಬಲ್ಬ್ ಮುಟ್ಟೋದೇ ಬೇಡ.

ಸುರಪುರ ಡೀಸೆಲ್ | ಯಾದಗಿರಿ

ಹೊಟ್ಟಿಗಿ ಹಾಲು ಹಾಕ್ದಂಗಾತ್ರಿ. ನಾಳಿ ನಮ್ಮ ಗಾಡಿಗಿ ನೋಡ್ತೀನಿ.

ಡೀಸೆಲ್ ವಿಷಯ ನಾ ಹೇಳ್ತೀನಿ ಫರಸಿಯವ್ರೆ. ಗಾಡಿ ವರ್ಷಗಟ್ಲೆ ನಿಂತದ ಅಂದ್ರ ಟ್ಯಾಂಕಿನಾಗಿನ ಹಳೇ ಡೀಸೆಲ್ ಪೂರಾ ಚೆಲ್ಲಿ, ಕೆಳಗ ಕರೀ ರಾಡಿ ನೀರು ಕುಂತಿರ್ತದ. ಟ್ಯಾಂಕಿಂದ ಪಂಪಿನ ತನಕ ರಬ್ಬರ್ ಪೈಪ್ ಎಲ್ಲಾ ಬದಲ್ಸಿ, ನಮ್ಮ ಬಿಸಲಾಗ 43, 44 ಡಿಗ್ರಿ ಕಾದು ಕಾದು ಬೆಂಡ್ ಇದ್ದಲ್ಲಿ ಸೀಳು ಬಿಟ್ಟಿರ್ತಾವ. ಡೀಸೆಲ್ ಹೊರಗ ಸೋರಂಗಿಲ್ಲ, ಗಾಳಿ ಒಳಗ ಎಳ್ಕೋತದ, ಅದಕ್ಕೇ ಕಣ್ಣಿಗಿ ಕಾಣಂಗಿಲ್ಲ. ಫಿಲ್ಟರಿಂದ ಪಂಪಿಗಿ ಹೋಗೋ ಜಾಗದಾಗ ಥೋಡೆ ಹೊತ್ತಿಗಿ ಪಾರದರ್ಶಕ ಪೈಪ್ ಹಚ್ಚಿ ನೋಡ್ರಿ, ಗುಳ್ಳಿ ಬರ್ತಿದ್ರ ಗಾಳಿ ಅದ. ಹ್ಯಾಂಡ್ ಪಂಪ್ ಹೊಡಕೋತ ಫಿಲ್ಟರ್ ಮ್ಯಾಲಿನ ಸ್ಕ್ರೂ ಸಡಿಲ ಮಾಡಿ ನೊರಿ ನಿಲ್ಲೋ ತನಕ ಬಿಡ್ರಿ, ಆಮ್ಯಾಲ ಇಂಜೆಕ್ಟರ್ ನಟ್ ಒಂದೊಂದೇ ಅರ್ಧಾ ಸುತ್ತು ಬಿಚ್ಚಿ ಸೆಲ್ಫ್ ಹೊಡೀರಿ. ಆ ಹೊತ್ತಿನಾಗ ಕೈ ಅಡ್ಡ ಹಿಡೀಬ್ಯಾಡ್ರಿ, ಅಷ್ಟು ಪ್ರೆಶರ್‌ನಾಗ ಡೀಸೆಲ್ ಚರ್ಮದಾಗ ನುಗ್ತದ.

ಫರಸಿ ರೋಡ್ | ಶಹಾಬಾದ್

ಚಾಲೂ ಆತ್ರೀಯಪಾ!! ಹಳೇ ಡೀಸೆಲ್ ತೆಗ್ಯಾಗ ವಾರ್ನಿಶಿನ ವಾಸ್ನಿ ಹೊಡೀತಿತ್ತು. ಪೈಪ್ ಬದಲ್ಸಿ ಗಾಳಿ ತೆಗದು ಹೊಡದ್ರ ಬೆಳ್ಳನ ಹೊಗಿ ಓಣಿ ತುಂಬಾ ಮಾಡಿ ಎದ್ದದ, ಬಾಜೂ ಮನಿ ಆಯಿ ಬೈದ್ಳು. ದೊಡ್ಡಪ್ಪ ಕುರ್ಚಿ ಹಾಕ್ಕೊಂಡು ಕುಂತು ಸೌಂಡ್ ಕೇಳ್ಕೋತ ಟ್ಯಾಪೆಟ್ ಬಿಗಿ ಅದ ಅಂತ ತಪ್ಪು ಹುಡಕ್ಲತ್ಯಾರ.

ಅರ್ಥಿಂಗ್ ನಾಕೂ ಕಡಿ ಮಾಡೀನಿ. ಬ್ರೇಕು ಇಂಡಿಕೇಟರ್ ಎರಡೂ ಸರಿ ಆಗ್ಯಾವ. ಟೆಂಪರೇಚರ್ ಮುಳ್ಳು ಈಗ ಹೆಡ್‌ಲೈಟ್ ಹಾಕಿದ್ರೂ ಅಳ್ಳಾಡಂಗಿಲ್ಲ, ಮೀಟರ್ ಕ್ಲಸ್ಟರಿನ ಅರ್ಥ್ ವೈರ್ ಡ್ಯಾಶ್‌ಬೋರ್ಡ್ ಹಿಂದ ಪೇಂಟ್ ಮ್ಯಾಲೇ ಸ್ಕ್ರೂ ಹಾಕಿದ್ರು. ಅಲ್ಲೇ ಇನ್ನೊಂದು ಕಂಡೀತು, ತೊಗರಿ ಹೇರೋ ಗಾಡಿ ಅಲ್ರಿ, ಇಲಿ ಬಂದು ಡ್ಯಾಶ್‌ಬೋರ್ಡ್ ಹಿಂದ ವೈರಿನ ಸಿಪ್ಪಿ ಕಡದಾವ, ಎರಡು ವೈರ್ ಬರೀ ತಾಮ್ರ ಕಾಣ್ತಿದ್ದವು. ಫ್ಯೂಜಿನ ಡಬ್ಬ್ಯಾಗ ಒಂದು ಫ್ಯೂಜಿಗಿ ಸಿಗರೇಟಿನ ಪನ್ನಿ ಸುತ್ತ್ಯಾರ, ಇನ್ನೊಂದಕ್ಕ ದಪ್ಪನ ತಂತಿ.

ಒಂದು ಡೌಟ್ ಕಾಕಾ. ಈಗ ಸೆಲ್ಫ್ ಹೊಡ್ಯಾಗ ಮೈನಸ್ಸಿಂದ ಬ್ಲಾಕಿಗಿ 0.15 ಬರ್ತದ, ಛಲೋ ಆತು. ಖರೇ ಬ್ಯಾಟರಿ ಮೊದಲ 12.3 ನಿಂದರ್ತಿದ್ದದ್ದು ಈಗ 10.6ಕ್ಕ ಇಳೀತದ. ಬ್ಯಾಟರಿ ಕೆಟ್ಟೀತನೂ?

ಕಪನೂರ ಕಾಕಾ | ಕಲಬುರಗಿ

ಏನೂ ಕೆಟ್ಟಿಲ್ಲ. ಈಗ ಅದು ದುಡೀಲತ್ತದ, ಅದಕ್ಕ ಇಳೀತದ. 10ರ ಮ್ಯಾಲ ಅದ, ಸುಮ್ಮಿರು.

ಆ ಪನ್ನಿ ತಂತಿ ಇವತ್ತೇ ಕಿತ್ತು ಒಗಿ. ಫ್ಯೂಜ್ ಇರೋದು ಬಲ್ಬ್ ಉಳಸ್ಲಿಕ್ಕಲ್ಲ, ವೈರ್ ಉಳಸ್ಲಿಕ್ಕ. ಪಿಂಗಾಣಿ ಫ್ಯೂಜ್ ಇದ್ರ ಬಿಳೀದು 8 ಆಂಪಿಯರ್, ಕೆಂಪುದು 16, ನೀಲಿದು 25. ಬ್ಲೇಡ್ ಫ್ಯೂಜ್ ಇದ್ರ ಲೆಕ್ಕ ಬ್ಯಾರೆ, ಅದ್ರಾಗ ಕೆಂಪುದು 10, ನೀಲಿದು 15, ಹಳದಿದು 20. ಬಣ್ಣ ನೋಡಿ ಅದಕ್ಕ ಇದು ಇದಕ್ಕ ಅದು ಹಾಕಬ್ಯಾಡ. ಹೋಲ್ಡರಿನ ಹಿತ್ತಾಳಿ ಕಡ್ಡಿ ಹಸರ್ ಆಗಿರ್ತಾವ, ಅವನ್ನೂ ಉಜ್ಜು. ಇಲಿ ಕಡದ ವೈರಿಗಿ ಬರೀ ಟೇಪ್ ಸುತ್ತಿ ಬಿಡಬ್ಯಾಡ, ಬ್ಯಾಸಗಿ ಬಂದ್ರ ಟೇಪಿನ ಗೋಂದು ಕರಗಿ ಜೋತು ಬೀಳ್ತದ. ಕತ್ತರಿಸಿ ಕೂಡ್ಸಿ ಹೀಟ್ ಸ್ಲೀವ್ ಹಾಕು.

ಫರಸಿ ರೋಡ್ | ಶಹಾಬಾದ್

ಎಲ್ಲಾ ಮಾಡ್ತೀನಿ ಕಾಕಾ. ಖರೇ ಎರಡು ದಿನಕ್ಕ ಬ್ಯಾಟರಿ ಡೌನ್ ಆಗೋದು ಹಂಗೇ ಅದ. ಮತ್ತ ಗಾಡಿ ಚಾಲೂ ಆದ ಮ್ಯಾಲ ಚಾರ್ಜಿಂಗ್ ಲೈಟ್ ಪೂರಾ ಆರಂಗಿಲ್ಲ, ಕತ್ತಲಾಗ ನೋಡಿದ್ರ ಸಣ್ಣಗ ಹತ್ತೇ ಇರ್ತದ. ಬ್ಯಾಟರಿ ಮ್ಯಾಲ 13.2 ಬರ್ತದ, ರೇಸ್ ಕೊಟ್ರೂ ಏರಂಗಿಲ್ಲ.

ಮೈಸೂರು ಮೀಟರ್ | ಮೈಸೂರು

ಆಲ್ಟರ್ನೇಟರ್, ಅಂದ್ರೆ ನೀವು ಡೈನಮೋ ಅನ್ನೋದು, ಅದರ ಡಯೋಡ್ (ಕರೆಂಟ್‌ನ ಒಂದೇ ದಿಕ್ಕಿಗೆ ಬಿಡೋ ಭಾಗ) ಮೇಲೆ ಡೌಟ್. ಸರಿಯಾಗಿದ್ರೆ 13.8ರಿಂದ 14.4 ಬರ್ಬೇಕು. ಎಂಜಿನ್ ಓಡ್ತಾ ಇರುವಾಗ ಮೀಟರ್‌ನ ಎಸಿ ವೋಲ್ಟ್‌ಗೆ ತಿರುಗಿಸಿ ಬ್ಯಾಟರಿ ಮೇಲಿಡಿ, ಅರ್ಧ ವೋಲ್ಟ್‌ಗಿಂತ ಜಾಸ್ತಿ ಬಂದ್ರೆ ಡಯೋಡ್ ಹೋಗಿದೆ ಅಂತ. ಆಮೇಲೆ ಎಂಜಿನ್ ಬಂದ್ ಮಾಡಿ, ಎಲ್ಲಾ ಆಫ್ ಮಾಡಿ, ಮೈನಸ್ ಕೇಬಲ್ ಬಿಚ್ಚಿ, ಪೋಸ್ಟ್‌ಗೂ ಕೇಬಲ್‌ಗೂ ಮಧ್ಯ ಮೀಟರ್ ಹಾಕಿ, 10 ಆಂಪಿಯರ್ ಸಾಕೆಟ್‌ನಲ್ಲಿ. ನಿಮ್ಮ ಗಾಡೀಲಿ ಕಂಪ್ಯೂಟರ್ ಇಲ್ಲ, ಏನಿಲ್ಲ, ಹೆಚ್ಚು ಕಮ್ಮಿ ಸೊನ್ನೆ ಬರ್ಬೇಕು. ಜಾಸ್ತಿ ಬಂದ್ರೆ ಒಂದೊಂದೇ ಫ್ಯೂಸ್ ಕಿತ್ತು ನೋಡಿ, ಯಾವುದು ಕಿತ್ತಾಗ ಇಳಿಯುತ್ತೋ ಅದು ಕಳ್ಳ. ಹೀಗೆ ಮೀಟರ್ ಮಧ್ಯದಲ್ಲಿ ಇರುವಾಗ ಮರೆತೂ ಸೆಲ್ಫ್ ಹೊಡೀಬೇಡಿ, ಮೀಟರ್ ಸತ್ತೇ ಹೋಗುತ್ತೆ.

ಕಪನೂರ ಕಾಕಾ | ಕಲಬುರಗಿ

ಮೀಟರ್ ಮ್ಯಾಲ ಜೀವ ಇಡಬ್ಯಾಡ್ರಪ. 21 ವ್ಯಾಟಿನ ಬಲ್ಬಿಗಿ ಎರಡು ವೈರ್ ಬೆಸದು ಅದನ್ನೇ ನಡುವ ಹಚ್ಚು, ಬಲ್ಬ್ ಹತ್ತಿತು ಅಂದ್ರ ಎಲ್ಲೋ ಕರೆಂಟ್ ಹೊಂಟದ. ಇದರಾಗ ಸುಡೋ ಸಾಮಾನೇ ಇಲ್ಲ. ಮತ್ತ ಮೀಟರ್ ಒಂದು ಸುಳ್ಳ ಹೇಳ್ತದ, ವೈರ್ ಕೂಡೋ ಜಾಗ ಜಂಗ್ ತಿಂದು ಕರೆಂಟ್ ಸರಿ ಹರಿಯಲ್ದಿದ್ರೂ 12 ವೋಲ್ಟ್ ತೋರಸ್ತದ, ಯಾಕಂದ್ರ ಮೀಟರ್ ಕರೆಂಟ್ ಎಳಿಯೋದೇ ಇಲ್ಲ. ಬಲ್ಬ್ ಹಚ್ಚಿದ್ರ ಹತ್ತಂಗಿಲ್ಲ, ಖರೇ ಹೇಳ್ತದ.

ಮೈಸೂರು ಮೀಟರ್ | ಮೈಸೂರು

ಒಪ್ಪಿದೆ ಕಾಕಾ, ಆದ್ರೆ 50 ಮಿಲಿ ಆಂಪಿಯರ್ ಲೀಕ್‌ನ ನಿಮ್ಮ ಬಲ್ಬ್ ತೋರ್ಸಲ್ಲ. ಎರಡೂ ಇಟ್ಕೊಳ್ಳಲಿ. ನನ್ನ ಹೆಸರಿಗಾದ್ರೂ ಮರ್ಯಾದೆ ಕೊಡಿ 😄

ಫರಸಿ ರೋಡ್ | ಶಹಾಬಾದ್

ಇಬ್ಬರದೂ ಮಾಡ್ದೆ, ಯಾರಿಗೂ ಬೇಜಾರ ಆಗಬಾರ್ದು ಅಂತ. ಬಲ್ಬ್ ಛಲೋನೇ ಹತ್ತಿತು. ಮೀಟರ್‌ನಾಗ 1.4 ಆಂಪಿಯರ್. ಫ್ಯೂಜ್ ಎಲ್ಲಾ ಕಿತ್ತೆ, ಏನೂ ಇಳೀಲಿಲ್ಲ. ಮೈನಸ್ ಬಿಚ್ಚಿಟ್ಟು ಡೈನಮೋದ ಹಿಂದಿನ ದಪ್ಪ ವೈರ್ ತೆಗದು ಟೇಪ್ ಸುತ್ತಿ ಮತ್ತ ನೋಡ್ದೆ, ಸೊನ್ನಿ! ಎಸಿ ವೋಲ್ಟ್ ಭಿ ಅದಕ್ಕ ಮೊದಲ ನೋಡಿದ್ದೆ, 0.9 ಇತ್ತು.

ತೊಗರಿ ಕಣಜ | ಸೇಡಂ

1.4 ಅಂದ್ರ ದಿನಕ್ಕ 33 ಆಂಪಿಯರ್ ಅವರ್ ಮ್ಯಾಲ ಹೋತು. 80ರ ಬ್ಯಾಟರಿ ಎರಡು ದಿನದಾಗ ಮುಗೀತು, ಲೆಕ್ಕ ಕೂಡ್ತದ ನೋಡ್ರಿ.

ಕಪನೂರ ಕಾಕಾ | ಕಲಬುರಗಿ

ಫ್ಲೋರ್ ವೆಲ್ಡಿಂಗ್ ಮಾಡ್ಯಾಗ ಬ್ಯಾಟರಿ ಬಿಚ್ಚಿದ್ರನೂ ಕೇಳು. ಬಿಚ್ಚಿರಂಗಿಲ್ಲ, ನಾ ಕರಾರು ಬರಕೊಡ್ತೀನಿ. ಕರೆಂಟ್ ವೆಲ್ಡಿಂಗ್ ಮಾಡ್ಯಾಗ ಬ್ಯಾಟರಿ ಎರಡೂ ಟರ್ಮಿನಲ್ ತೆಗೀಬೇಕು, ಡೈನಮೋದ ದಪ್ಪ ವೈರ್ ತೆಗೀಬೇಕು, ವೆಲ್ಡಿಂಗಿನ ಅರ್ಥ್ ಕ್ಲಾಂಪ್ ಬೆಸಿಯೋ ಜಾಗದ ಬಾಜೂಕೇ ಹಾಕ್ಬೇಕು. ಇಲ್ಲಂದ್ರ ಡಯೋಡ್ ಹೋಗ್ತದ. ಪೂರಾ ಡೈನಮೋ ತರ್ಲಿಕ್ಕ ಹೋಗಬ್ಯಾಡ. ವೈಂಡಿಂಗ್ ಅಂಗಡ್ಯಾಗ ಡಯೋಡ್ ಪ್ಲೇಟ್ ಅಷ್ಟೇ ಬದಲ್ಸಂದ್ರ ಬದಲಸ್ತಾರ, ಬಿಚ್ಚಿದ ಕೈಲೇ ಬೇರಿಂಗ್ ಕಾರ್ಬನ್ ಹಾಕ್ಸಿಬಿಡು. ಕೊಡೋ ಮೊದಲ ನಿನ್ನ ಕಣ್ಣ ಮುಂದ ಬೆಂಚಿನ ಮ್ಯಾಲ ತಿರುಗ್ಸಿ ತೋರ್ಸ್ ಅನ್ನು.

ಬೀದರ್ ಬ್ರೇಕ್‌ಡೌನ್ | ಬೀದರ್

ಪ್ಲೇಟ್ ಅಲ್ಲಿ ಸಿಗಲಿಲ್ಲಂದ್ರ ಹೈದರಾಬಾದ್ ರಾಣಿಗಂಜಿಗಿ ಹೋಗು ಭಾಯಿ, ನಾವು ಬೀದರ್ ಮಂದಿ ಎಲ್ಲಾ ಅಲ್ಲೇ ತರ್ತೀವಿ. ಹಳೇ ಪ್ಲೇಟ್ ಬಿಚ್ಕೊಂಡು ಕೈಯಾಗ ಹಿಡ್ಕೊಂಡೇ ಹೋಗು, ಮಾಡೆಲ್ ಹೆಸರು ಹೇಳಿದ್ರ ನಾಕು ಥರ ತೋರಸ್ತಾರ.

ಫರಸಿ ರೋಡ್ | ಶಹಾಬಾದ್

ಕಲಬುರಗ್ಯಾಗೇ ಸಿಕ್ತು. ಪ್ಲೇಟ್, ಬೇರಿಂಗ್, ಕಾರ್ಬನ್ ಎಲ್ಲಾ ಹಾಕ್ಸೀನಿ. ಈಗ 14.1 ಬರ್ಲತ್ತದ, ಚಾರ್ಜಿಂಗ್ ಲೈಟ್ ಟಪ್ ಅಂತ ಆರ್ತದ, ಬ್ಯಾಟರಿ ನಿಂತಲ್ಲೇ ನಿಂತದ.

ಇನ್ನ ಎರಡು ಉಳದಾವ. ಬೆಳಿಗ್ಗಿ ಚಾಲೂ ಮಾಡ್ಲಿಕ್ಕ ತ್ರಾಸ, ಒಮ್ಮೆ ಎದ್ದ ಮ್ಯಾಲ ದಿನಪೂರಾ ತೊಂದ್ರಿ ಇಲ್ಲ. ಮತ್ತ ಹೆಡ್‌ಲೈಟ್ ಹಳದಿ, ರಾತ್ರಿ ಜೇವರ್ಗಿ ರೋಡಿನಾಗ ಎದುರಿಂದ ಲಾರಿ ಬಂದ್ರ ನಂದು ಹತ್ತ್ಯಾವನೋ ಇಲ್ಲೋ ಗೊತ್ತಾಗಂಗಿಲ್ಲ.

ಸುರಪುರ ಡೀಸೆಲ್ | ಯಾದಗಿರಿ

ಬೆಳಿಗ್ಗಿದು ಹೀಟರ್ ಪ್ಲಗ್ ಇರ್ತದ್ರಿ. ಆ ಎಂಜಿನ್ನಿನಾಗ ಡೀಸೆಲ್ ಸೀದಾ ಪಿಸ್ಟನ್ ಮ್ಯಾಲ ಬೀಳಂಗಿಲ್ಲ, ಮೊದಲ ಹೆಡ್ಡಿನಾಗಿನ ಸಣ್ಣ ಕೋಣ್ಯಾಗ ಬೀಳ್ತದ, ಥಣ್ಣಗಿದ್ದಾಗ ಆ ಕೋಣಿ ಗ್ವಾಡಿನೇ ಶಾಖ ಎಲ್ಲಾ ತಿಂತದ, ಅದಕ್ಕ ಪ್ಲಗ್ ಬೇಕೇ ಬೇಕು. ನಮ್ಮ ಬ್ಯಾಸಗ್ಯಾಗ ಪ್ಲಗ್ ಸತ್ತಿದ್ರೂ ಗೊತ್ತಾಗಂಗಿಲ್ಲ, ಡಿಸೆಂಬರಿನಾಗ ಗೊತ್ತಾಗ್ತದ. ಪ್ಲಗ್ಗಿನ ಮ್ಯಾಲಿನ ಪಟ್ಟಿ ಬಿಚ್ಚಿ ಒಂದೊಂದೇ ಪ್ಲಗ್ಗಿಗಿ ಮೀಟರಿನ ಓಮ್ ಹಚ್ರಿ, ಒಂದು ಓಮಿನ ಆಜೂಬಾಜೂ ಬಂದ್ರ ಜೀವಂತ ಅದ, ಏನೂ ತೋರಸ್ಲಿಲ್ಲಂದ್ರ ಹೋಗ್ಯದ. ಬಿಚ್ಚ್ಯಾಗ ಜಬರ್ದಸ್ತಿ ಬ್ಯಾಡ. ಎಂಜಿನ್ ಬಿಸಿ ಇದ್ದಾಗ ಎಣ್ಣಿ ಬಿಟ್ಟು ಹಿಂದ ಮುಂದ ಮಾಡ್ಕೋತ ಬಿಚ್ರಿ, ಒಳಗ ಮುರದ್ರ ಹೆಡ್ ಇಳಸ್ಬೇಕು.

ಮೈಸೂರು ಮೀಟರ್ | ಮೈಸೂರು

ಹೆಡ್‌ಲೈಟ್‌ಗೆ: ಲೈಟ್ ಹಾಕಿ ಎಂಜಿನ್ ಓಡ್ತಿರುವಾಗ ಬಲ್ಬ್ ಸಾಕೆಟ್ ಹಿಂದೆ ಎಷ್ಟು ವೋಲ್ಟ್ ಬರ್ತಿದೆ ನೋಡಿ ಹೇಳಿ.

ಫರಸಿ ರೋಡ್ | ಶಹಾಬಾದ್

ಬ್ಯಾಟರಿ ಮ್ಯಾಲ 14.1, ಸಾಕೆಟ್ಟಿನಾಗ 11.6.

ಮೈಸೂರು ಮೀಟರ್ | ಮೈಸೂರು

ಎರಡೂವರೆ ವೋಲ್ಟ್ ಸ್ವಿಚ್‌ನಲ್ಲಿ, ವೈರ್‌ನಲ್ಲಿ ಕರಗ್ತಿದೆ. ಹ್ಯಾಲೊಜನ್ ಬಲ್ಬ್‌ನಲ್ಲಿ ವೋಲ್ಟೇಜ್ ಸ್ವಲ್ಪ ಇಳಿದ್ರೂ ಬೆಳಕು ಜಾಸ್ತಿ ಇಳಿಯುತ್ತೆ, ನಿಮ್ಮ ಲೆಕ್ಕದಲ್ಲಿ ಹತ್ರಹತ್ರ ಅರ್ಧ ಬೆಳಕು ಹೋಗಿದೆ. ಹೆಚ್ಚು ವ್ಯಾಟ್ ಬಲ್ಬ್ ಹಾಕೋಕೆ ಹೋಗ್ಬೇಡಿ, ಇನ್ನೂ ಜಾಸ್ತಿ ಕರೆಂಟ್ ಎಳೆದು ಸ್ವಿಚ್ಚೇ ಕರಗುತ್ತೆ. ನಾಲ್ಕು ಪಿನ್‌ನ ರಿಲೇ (ಸಣ್ಣ ಕರೆಂಟ್‌ನಿಂದ ದೊಡ್ಡ ಕರೆಂಟ್ ಆನ್ ಮಾಡೋ ಸ್ವಿಚ್) ಎರಡು ತಗೊಳ್ಳಿ, ಡಿಮ್‌ಗೆ ಒಂದು ಹೈಗೆ ಒಂದು. 30ನೇ ಪಿನ್‌ಗೆ ಬ್ಯಾಟರಿಯಿಂದ ಫ್ಯೂಸ್ ಮೂಲಕ 2.5 ಎಂಎಂ ವೈರ್, 87ರಿಂದ ಬಲ್ಬ್‌ಗೆ, ಹಳೇ ಹೆಡ್‌ಲೈಟ್ ವೈರ್ 86ಕ್ಕೆ, 85 ಅರ್ಥ್‌ಗೆ. ಆ ಅರ್ಥ್‌ನೂ ಪೇಂಟ್ ಮೇಲೆ ಹಾಕ್ಬಿಟ್ಟೀರ ಮತ್ತೆ!

ಫರಸಿ ರೋಡ್ | ಶಹಾಬಾದ್

ರಿಲೇ ಹಾಕ್ದೆ, ಸಾಕೆಟ್ಟಿನಾಗ ಈಗ 13.6. ಬೇವಿನ ಗಿಡದ ತುದಿ ಎಲಿ ಎಣಸ್ಬಹುದು, ಬೀಮ್ ಅಷ್ಟು ಮ್ಯಾಲ ಹೊಡೀಲತ್ತದ, ಅಡ್ಜಸ್ಟ್ ಮಾಡ್ಬೇಕಿನ್ನ. ಪ್ಲಗ್ ನಾಕರಾಗ ಎರಡು ಸತ್ತಿದ್ದವು, ನಾಕೂ ಬದಲ್ಸೀನಿ. ಇನ್ನ ಪಾಸಿಂಗಿಗಿ ಒಯ್ಬೇಕು. ಬಣ್ಣ ಬಿಳಿ ಇದ್ದದ್ದು ನೀಲಿ ಮಾಡೀನಿ, ಅದಕ್ಕೇನಾರ ತಕರಾರ ಮಾಡ್ತಾರೇನ್ರಿ?

ತೊಗರಿ ಕಣಜ | ಸೇಡಂ

ಆರ್‌ಸಿನಾಗ ಬಣ್ಣ ಬರದಿರ್ತದ, ಅದನ್ನ ಮೊದಲ ಬದಲ್ಸ್ಕೋರಿ, ಆಮ್ಯಾಲ ಫಿಟ್‌ನೆಸ್ಸಿಗಿ ಹೋಗ್ರಿ. ರಿಫ್ಲೆಕ್ಟರ್ ಪಟ್ಟಿ, ಹಾರ್ನ್, ವೈಪರ್, ರಿವರ್ಸ್ ಲೈಟ್ ಎಲ್ಲಾ ಮನ್ಯಾಗೇ ಹಾಕಿ ನೋಡ್ಕೊಂಡು ಹೋಗ್ರಿ. ಇನ್ಶೂರೆನ್ಸ್ ಇಲ್ಲದ ರೋಡಿಗಿ ಇಳಸಬ್ಯಾಡ್ರಿ.

ಬೀದರ್ ಬ್ರೇಕ್‌ಡೌನ್ | ಬೀದರ್

ಕಾಕಾ, ಇದೆಲ್ಲಾ ಓದಿ ನಮ್ಮ ಮಹೀಂದ್ರಾಕ್ಕ ಭೀ ಮೀಟರ್ ಹಚ್ಚಿದೆ. ಸೆಲ್ಫ್ ಹೊಡ್ಯಾಗ ಮೈನಸ್ಸಿಂದ ಬ್ಲಾಕಿಗಿ 0.9 ಬರ್ಲಾತದ. ಗಾಡಿ ಅಂತೂ ಚಾಲೂ ಆಗ್ತದ, ಬಿಟ್ರ ನಡೀತದಾ?

ಕಪನೂರ ಕಾಕಾ | ಕಲಬುರಗಿ

ಈಗ ನಡೀತದ, ನಿಮ್ಮ ಬೀದರ್ ಥಂಡ್ಯಾಗ ನಡಿಯಂಗಿಲ್ಲ. ಕಡ್ಡಿನ ಪೋಸ್ಟಿಂದ ಕ್ಲಾಂಪಿಗಿ, ಕ್ಲಾಂಪಿಂದ ಚಾಸಿಗಿ, ಚಾಸಿಂದ ಬ್ಲಾಕಿಗಿ ಒಂದೊಂದೇ ತುಂಡು ಇಟ್ಟು ನೋಡು, 0.9ರಾಗ ಹೆಚ್ಚಿನ ಪಾಲು ಯಾವ ತುಂಡಿನಾಗ ಬರ್ತದೋ ಅದೇ ಬಿಚ್ಚು. ಬರೀ ಬೋಲ್ಟ್ ಬಿಗದು ಬಿಡಬ್ಯಾಡ, ಬಿಚ್ಚಿ ಉಜ್ಜಿ ಹಾಕು.